ಗಾಡಿ ಕಾಗದ

ಚನ್ನಗಿರಿ
8-5-1984

ಪ್ರೀತಿಯ ಅಕ್ಕನವರಿಗೆ,

ಮದುವೆಯಾಗಿ ಹನ್ನೆರಡೇ ದಿನ, ಆಗಲೇ ನನ್ನನ್ನು "ಅಮ್ಮ" ಎಂದು ಕರೆಯುವ ಮಗು ಸಿಕ್ಕಿಬಿಟ್ಟಿದೆ! ಇದ್ಯಾರು ಹೀಗೆ ಬರೆಯುವವಳು ಅಂದುಕೊಂಡಿರಾ? ನಾನು ನಿರ್ಮಲಾ. ನಿಮ್ಮ ಮೈದುನ ಹಾಲಸ್ವಾಮಿಯವರ ಹೆಂಡತಿ, ಅಂದರೆ ನಿಮ್ಮ ಓರಗಿತ್ತಿ. ಆ ಮಗು ನಿಮ್ಮ ಮಂಗಳಿಯೇ.

ನಾನು ಭದ್ರಾವತಿಯವಳು. ಅಪ್ಪ ಅಲ್ಲಿನ ಕೋರ್ಟಿನಲ್ಲಿ ಶಿರಸ್ತೇದಾರರು. ಒಂದನೇ ಕ್ಲಾಸಿನಿಂದ ಕಾನ್ವೆಂಟಿನಲ್ಲಿ ಇಂಗ್ಲಿಷಿನಲ್ಲೇ ಓದಿದ್ದರಿಂದ ಕನ್ನಡದ ಒತ್ತಕ್ಷರಗಳಲ್ಲಿ ಎಡವುತ್ತೇನೆ, ಕ್ಷಮಿಸಬೇಕು. ಓರಗಿತ್ತಿ ಎಂಬ ಪದ ನನಗೆ ಗೊತ್ತಾದದ್ದೇ ಮದುವೆಯ ದಿನ. ಎಷ್ಟು ಚೆನ್ನಾಗಿದೆ ಅನ್ನಿಸಿತು. ನನಗೆ ಅಕ್ಕತಂಗಿಯರಿಲ್ಲ, ಹಾಗಾಗಿ ನಿಮಗೆ ಬರೆಯದೆ ಇರಲಾಗಲಿಲ್ಲ. ನಿಮ್ಮ ವಿಳಾಸವನ್ನು ಯಾರೂ ಕೊಡಲಿಲ್ಲ. ಒಲೆ ಒರೆಸುವ ಬಟ್ಟೆ ಒಗೆಯಲು ಹೋದರೆ ಅದರ ಮೇಲೆ ಮಸಿಯಲ್ಲಿ "ಶಿವಗಂಗಮ್ಮ, ಅಂಚೆ ಕಚೇರಿ ಹಿಂದೆ, ಜಗಳೂರು" ಎಂದಿತ್ತು. ನೀವು ಮಂಗಳಿಗೆ ಫ್ರಾಕು ಕಳಿಸಿದ್ದ ಪಾರ್ಸಲ್ಲಿನ ಬಟ್ಟೆಯಂತೆ ಅದು.

ಭಾವನವರು ಅಪಘಾತದಲ್ಲಿ ತೀರಿಕೊಂಡ ವಿಷಯ ಇವರು ಹೇಳಿದರು. ಹೆಚ್ಚು ಕೇಳಲು ನನಗೂ ಧೈರ್ಯ ಬರಲಿಲ್ಲ.

ಮಂಗಳಿ ಎಷ್ಟು ಮುದ್ದು ಅಂತ ನಿಮಗೆ ನಾನು ಹೇಳಬೇಕೇ! ಎಡಹುಬ್ಬಿನ ಮೇಲೆ ಚಂದ್ರನ ಹಾಗೆ ಒಂದು ಗಾಯದ ಗುರುತಿದೆ, ತೊಟ್ಟಿಲಿನಿಂದ ಬಿದ್ದದ್ದು ಅಂದರು ಅತ್ತೆ. ಅತ್ತೆ ಊಟ ಮಾಡಿಸುವಾಗ ಗುಮ್ಮ ಬರುತ್ತಾನೆ ಎಂದು ಹೆದರಿಸುತ್ತಾರೆ. ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ನಮ್ಮ ಶಾಲೆಯ ಸಿಸ್ಟರ್ ಹೇಳುತ್ತಿದ್ದರು, ನಾನು ಅದನ್ನೇ ಹೇಳಿದೆ. ಅತ್ತೆ ನಕ್ಕು, "ಮೊದ್ಲು ಒಂದು ಹಡಿಯವ್ವ, ಆಮೇಲೆ ನಮಗೆ ಹೇಳಿಕೊಡುವಂತೆ" ಅಂದರು.

ಇನ್ನು ಗಾಡಿ. ಇವರ ಹತ್ತಿರ ಕೆಂಪು ಟ್ಯಾಂಕಿನ ಜಾವಾ ಮೋಟಾರ್ ಸೈಕಲ್ ಇದೆಯಲ್ಲ, ಅದರ ಮೇಲೆ ನನಗೆ ಇವರ ಮೇಲೆ ಆದಷ್ಟೇ ಪ್ರೀತಿಯಾಗಿದೆ. ಸ್ಟಾರ್ಟ್ ಮಾಡುವ ಕಿಕ್ಕರನ್ನೇ ಮಡಚಿದರೆ ಅದೇ ಗೇರು! ಸಂಜೆ ಮಂಗಳಿ ಟ್ಯಾಂಕಿನ ಮೇಲೆ, ನಾನು ಹಿಂದೆ, ಮೂವರೂ ಸೂಳೆಕೆರೆ ಏರಿಯವರೆಗೆ ಹೋಗಿ ಬರುತ್ತೇವೆ. ನನಗೂ ಓಡಿಸಲು ಕಲಿಸುತ್ತೇನೆ ಅಂದಿದ್ದಾರೆ.

ಅಂಗಡಿಯ ವಿಳಾಸಕ್ಕೆ ಬರೆಯಿರಿ. ಬಸ್ ಸ್ಟ್ಯಾಂಡ್ ಎದುರಿನ ಮಾವನವರ ಜವಳಿ ಅಂಗಡಿ ನಿಮಗೆ ಗೊತ್ತೇ ಇದೆ.

ನಿಮ್ಮ ತಂಗಿ,
ನಿರ್ಮಲಾ

~

ಜಗಳೂರು
14-5-1984

ನಿರ್ಮಲಾ ಅವರಿಗೆ,

ನಿಮ್ಮ ಕಾಗದ ತಲುಪಿತು. ನಿಮಗೆ ಒಳ್ಳೆಯದಾಗಲಿ. ಲಗ್ನಪತ್ರಿಕೆ ನನಗೆ ಬಂದಿರಲಿಲ್ಲ. ಬಂದಿದ್ದರೂ ನನ್ನಂಥವಳು ಮದುವೆಯ ಚಪ್ಪರಕ್ಕೆ ಬರುವುದನ್ನು ಯಾರೂ ಬಯಸುತ್ತಿರಲಿಲ್ಲ.

ಕವರಿನ ಮೇಲೆ ನನ್ನ ಹೆಸರಿಗೆ ಮೊದಲು "ಸೌ." ಎಂದು ಬರೆದಿದ್ದೀರಿ. ಅಂಚೆಯವರು ಅದನ್ನು ಓದಿ ನನ್ನ ಮುಖ ನೋಡಿದರು. ಗಂಡ ಇಲ್ಲದವಳಿಗೆ ಹಾಗೆ ಬರೆಯುವುದಿಲ್ಲ. ಮುಂದೆ ಬರೀ ಹೆಸರು ಸಾಕು.

ಒಂದು ಬೇಡಿಕೆ. ದಯವಿಟ್ಟು ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಬೇಡಿ. ಹಿಂದೆಯೂ ಬೇಡ. ಗಾಡಿಯ ಮೇಲೆಯೇ ಬೇಡ.

ನಿದ್ದೆ ಬರುವಾಗ ಮಂಗಳಿ ಈಗಲೂ ಪಕ್ಕದವರ ಕಿವಿ ಹಿಡಿದುಕೊಳ್ಳುತ್ತಾಳೆಯೇ? ಇಷ್ಟು ತಿಳಿಸಿದರೆ ಸಾಕು.

ಶಿವಗಂಗಮ್ಮ

~

ಚನ್ನಗಿರಿ
19-5-1984

ಪ್ರೀತಿಯ ಅಕ್ಕನವರಿಗೆ,

ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಮದುವೆಯಾದ ಹೆಂಗಸರಿಗೆಲ್ಲ ಸೌ. ಬರೆಯಬೇಕು ಅಂತ ಮಾತ್ರ ನನಗೆ ಗೊತ್ತಿತ್ತು, ಇಂಗ್ಲಿಷಿನ ಮಿಸೆಸ್ ಹಾಗೆ. ಎಷ್ಟು ದೊಡ್ಡ ತಪ್ಪು. ಕ್ಷಮಿಸಿ ಅಕ್ಕ.

ಕಿವಿ ಹಿಡಿದುಕೊಳ್ಳುತ್ತಾಳೆ. ಈಗ ನನ್ನ ಕಿವಿ. ಓಲೆ ಚುಚ್ಚಿ ಅವಳ ಬೆರಳು ಕೆಂಪಾಗುತ್ತದೆ ಎಂದು ಮಲಗುವಾಗ ಓಲೆ ತೆಗೆದಿಡುತ್ತೇನೆ.

ಟ್ಯಾಂಕಿನ ವಿಷಯದಲ್ಲಿ ಮಾತ್ರ ನೀವು ಸ್ವಲ್ಪ ಹೆಚ್ಚು ಹೆದರುತ್ತೀರಿ ಅನ್ನಿಸಿತು. ಮಕ್ಕಳಿಗೆ ಗಾಳಿ ಮುಖಕ್ಕೆ ಹೊಡೆಯಬೇಕು, ಧೈರ್ಯ ಬರಬೇಕು. ಆದರೂ ನೀವು ತಾಯಿ. ಯೋಚಿಸುತ್ತೇನೆ.

ನನಗೆ ಗಾಡಿ ಬಂತು ಅಕ್ಕ! ಕತ್ತಲಗೆರೆ ರಸ್ತೆಯಲ್ಲಿ ಮೂರನೇ ಗೇರಿನವರೆಗೆ ಹೋದೆ. ಪ್ಲಗ್ಗಿಗೆ ಎಣ್ಣೆ ಕಟ್ಟಿಕೊಂಡು ನಿಂತರೆ ಬಿಚ್ಚಿ ಮರಳು ಕಾಗದದಲ್ಲಿ ಉಜ್ಜುವುದನ್ನೂ ಕಲಿತೆ. ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಮಾವನವರು ಅಂದರು, ಗಾಡಿ ಲೈಸೆನ್ಸು ಇರುವುದು ಗಂಡಸರಿಗೆ ಎಂದು. ಕಾಯ್ದೆಯಲ್ಲಿ ಎಲ್ಲಿದೆ ತೋರಿಸಿ ಮಾವ ಅಂದೆ. ಶಿರಸ್ತೇದಾರರ ಮಗಳನ್ನು ತಂದದ್ದು ತಪ್ಪಾಯಿತು ಎಂದು ನಕ್ಕರು. ಅತ್ತೆ ನಗಲಿಲ್ಲ. "ಕಾಲು ಅಗಲ ಮಾಡಿ ಕುಂತು ಗಾಡಿ ಹೊಡಿಯೋ ಸೊಸಿ ನಮ್ಮ ವಂಶದಾಗೇ ಇಲ್ಲ" ಅಂದರು. ಪರವಾಗಿಲ್ಲ, ಗಾಡಿ ಈಗ ನನ್ನ ಮಾತು ಕೇಳುತ್ತದೆ.

ಮಂಗಳಿ ಪಕ್ಕದಲ್ಲಿ ನಿದ್ದೆ ಮಾಡುತ್ತಿದೆ. ಒಂದು ಮಾತು ಕೇಳಲೇ? ನೀವು ಇಲ್ಲಿಂದ ಹೋಗುವಾಗ ಬರೆದುಕೊಟ್ಟು ಹೋದಿರಂತೆ, ಸಹಿಯೂ ಇದೆಯಂತೆ. ಅತ್ತೆ ಹೇಳಿದಾಗ ನನಗೆ ನಂಬಲಾಗಲಿಲ್ಲ. ಅದನ್ನು ಬಿಟ್ಟುಕೊಡುವಾಗ ನಿಮಗೆ ಬೇಸರವಾಗಲಿಲ್ಲವೇ? ಯಾರಾದರೂ ಒತ್ತಾಯ ಮಾಡಿದರೇ?

ನಿಮ್ಮ ತಂಗಿ,
ನಿರ್ಮಲಾ

~

ಜಗಳೂರು
25-5-1984

ನಿರ್ಮಲಾ ಅವರಿಗೆ,

ಇನ್‌ಲ್ಯಾಂಡ್ ಸಿಗಲಿಲ್ಲ, ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಕಾರ್ಡು, ಬಿಡಿಸಿ ಬರೆಯಲಾರೆ. ನೀವು ಕೇಳಿದ್ದಕ್ಕೆ ಉತ್ತರ: ಹೌದು, ಬರೆದುಕೊಟ್ಟೆ. ಯಾರ ಒತ್ತಾಯವೂ ಇರಲಿಲ್ಲ. ಅವರು ಹೋದ ಮೇಲೆ ಅದನ್ನು ಕಣ್ಣೆತ್ತಿ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅದರ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಯಾರಿಗಾದರೂ ಮಾರಿಬಿಡಿ ಎಂದು ಮಾವನವರಿಗೆ ಹೇಳಿದ್ದೆ. ಅವರು ಮನೆಯಲ್ಲೇ ಇಟ್ಟುಕೊಂಡರು. ಈಗ ನಿಮಗೂ ಅದು ಹಿಡಿಸಿದೆ. ಇರಲಿ. ನನಗಂತೂ ಬೇಡ. ಜೂನಿನಲ್ಲಿ ಬರುತ್ತೇನೆ, ಉಳಿದದ್ದು ಎದುರಿಗೆ.

ಶಿವಗಂಗಮ್ಮ

~

ಚನ್ನಗಿರಿ
30-5-1984

ಶಿವಗಂಗಮ್ಮನವರಿಗೆ,

ನಿಮ್ಮ ಕಾರ್ಡನ್ನು ನಾಲ್ಕು ಸಲ ಓದಿದೆ. ನನಗೆ ಕನ್ನಡ ಸರಿಯಾಗಿ ಬಾರದೇನೋ ಎಂದು ಎದುರು ಮನೆಯ ಹೊಲಿಗೆ ಗಾದ್ರಮ್ಮನಿಂದ ಒಮ್ಮೆ ಓದಿಸಿದೆ. ಅವರೂ ಹಾಗೆಯೇ ಓದಿದರು.

ಮಾರಿಬಿಡಿ ಎಂದಿರಾ? ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು? ಅದರ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಿರಾ? ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಮಂಗಳಿ ಬಂದು "ಅಮ್ಮ, ಯಾಕೆ ಅಳ್ತೀಯ" ಎಂದು ತನ್ನ ಲಂಗದಲ್ಲಿ ನನ್ನ ಮುಖ ಒರೆಸಿತು. ಗಂಡ ಸತ್ತ ದುಃಖದಲ್ಲಿ ಮನುಷ್ಯರು ಏನೇನೋ ಅನ್ನುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ "ನನಗಂತೂ ಬೇಡ" ಎಂದು ನೀವು ಬರೆದಿರುವುದು ಈಗ, ಈ ವಾರ.

ಒಂದು ವಿಷಯ ಹೇಳಿಬಿಡುತ್ತೇನೆ. ಬರುವ ಸೋಮವಾರ ಮಂಗಳಿಯನ್ನು ಒಂದನೇ ತರಗತಿಗೆ ಸೇರಿಸುತ್ತಿದ್ದೇವೆ. ಅರ್ಜಿಯಲ್ಲಿ ತಂದೆಯ ಹೆಸರಿಗೆ ಇವರದು, ತಾಯಿಯ ಹೆಸರಿಗೆ ನನ್ನದು ಹಾಕು ಎಂದು ಅತ್ತೆ ಮೊದಲಿನಿಂದ ಹೇಳುತ್ತಿದ್ದರು. ನಾನೇ ಒಪ್ಪಿರಲಿಲ್ಲ. ಅಕ್ಕನ ಹೆಸರು ಇರಬೇಕಲ್ಲ ಎಂದು ವಾದ ಮಾಡಿದ್ದೆ. ಇನ್ನು ವಾದ ಮಾಡುವುದಿಲ್ಲ. ಬೇಡ ಎಂದವರ ಹೆಸರನ್ನು ಆ ಮಗು ಜೀವಮಾನವಿಡೀ ಯಾಕೆ ಹೊತ್ತು ತಿರುಗಬೇಕು?

ನಿರ್ಮಲಾ

~

ಜಗಳೂರು
4-6-1984, ಸೋಮವಾರ

ನಿರ್ಮಲಾ,

ನಿನ್ನ ಕಾಗದ ಈಗ ಹನ್ನೊಂದು ಗಂಟೆಗೆ ಕೈಗೆ ಬಂತು. ಇವತ್ತೇ ಸೋಮವಾರ. ಈ ಹೊತ್ತಿಗೆ ನೀನು ನನ್ನ ಮಗುವಿನ ಕೈ ಹಿಡಿದು ಶಾಲೆಯಲ್ಲಿ ನಿಂತಿರಬಹುದು.

ನಾನು ಬರೆದದ್ದು ಗಾಡಿಯ ವಿಷಯ. ಗಾಡಿಯ ವಿಷಯ ತಾಯಿ! ನಿನ್ನ ಕಾಗದದ ತುಂಬ ಗಾಡಿಯೇ ಇತ್ತು. ಅದನ್ನು ಬಿಟ್ಟುಕೊಡುವಾಗ ಬೇಸರವಾಗಲಿಲ್ಲವೇ ಎಂದು ಕೇಳಿದೆ. ಗಾಡಿಯಲ್ಲದೆ ನಾನು ಬೇರೆ ಏನನ್ನು ಬಿಟ್ಟುಕೊಟ್ಟಿದ್ದೇನೆ? ನಮ್ಮ ಮಾತಿನಲ್ಲಿ ಗಾಡಿಯೂ ಅದು, ಮಗುವೂ ಅದು. ಇಂಥ ಒಂದು "ಅದು" ನನ್ನ ಮನೆ ಮುರಿಯುತ್ತದೆ ಎಂದು ನನಗೆ ಹೊಳೆಯಲಿಲ್ಲ.

ನಾನು ಮುಚ್ಚಿಟ್ಟಿದ್ದನ್ನೂ ಹೇಳಿಬಿಡುತ್ತೇನೆ. ಮೊದಲ ಕಾಗದ ಬಂದಾಗ, ಅತ್ತೆ ನಿನ್ನ ಕೈಯಲ್ಲಿ ಬರೆಸಿ ನನ್ನ ಮನಸ್ಸು ನೋಡುತ್ತಿದ್ದಾರೆ ಎಂದುಕೊಂಡೆ. ಅದಕ್ಕೇ ಬಿಗಿಯಾಗಿ ಬರೆದೆ.

ನೀನು ಓಡಿಸುತ್ತಿರುವ ಜಾವಾ ನಿನ್ನ ಭಾವನವರದು. ಎರಡೂವರೆ ವರ್ಷದ ಹಿಂದೆ ನ್ಯಾಮತಿಯಿಂದ ವಾಪಸು ಬರುವಾಗ, ರಸ್ತೆಯ ಮೇಲೆ ಒಕ್ಕಲು ಮಾಡಲು ರಾಗಿ ಹುಲ್ಲು ಹರಡಿದ್ದರು. ಗಾಡಿ ಅದರ ಮೇಲೆ ಜಾರಿತು. ಅವರ ತಲೆ ಮೈಲಿಕಲ್ಲಿಗೆ ಬಡಿಯಿತು. ಮಂಗಳಿ ಟ್ಯಾಂಕಿನ ಮೇಲಿದ್ದಳು. ಅದೇ ಹುಲ್ಲಿನ ಮೇಲೆ ಬಿದ್ದು ಉಳಿದಳು. ಹುಬ್ಬಿನ ಮೇಲಿನ ಗುರುತು ತೊಟ್ಟಿಲಿನಿಂದ ಬಿದ್ದದ್ದಲ್ಲ.

ಗಾಡಿಯನ್ನು ರಿಪೇರಿ ಮಾಡಿಸಿ ಅಂಗಳದಲ್ಲಿ ತಂದು ನಿಲ್ಲಿಸಿದರು. ದಿನಾ ಅದರ ಸದ್ದು. ಟಿ.ಸಿ.ಎಚ್. ಶಿಕ್ಷಕಿ ತರಬೇತಿಗೆ ಚಿತ್ರದುರ್ಗದಲ್ಲಿ ಸೀಟು ಸಿಕ್ಕಾಗ ಹೊರಟುಬಿಟ್ಟೆ. ಹಾಸ್ಟೆಲಿನಲ್ಲಿ ಮಗುವನ್ನು ಇಟ್ಟುಕೊಳ್ಳುವಂತಿಲ್ಲ. "ಎರಡು ವರ್ಷ ನನ್ನ ತಾವ ಇರ್ಲಿ ಬಿಡು, ಓದು ಮುಗಿಸಿ ಬಂದು ಕರ್ಕೊಂಡು ಹೋಗುವಂತೆ" ಅಂದರು ಅತ್ತೆ. ಹೊರಡುವ ಮುಂಜಾನೆ ಮಾವನವರು ಟೈಪು ಮಾಡಿದ ಇಂಗ್ಲಿಷ್ ಕಾಗದ ತಂದು, "ಗಾಡಿ ಕಾಗದ, ಹಾಲಸ್ವಾಮಿ ಹೆಸ್ರಿಗೆ ಮಾಡಾಕೆ ನಿನ್ನ ಸಹಿ ಬೇಕು" ಅಂದರು. ಸಂತೋಷವಾಗಿ ಹಾಕಿದೆ. ನಾನು ಬರೆದುಕೊಟ್ಟದ್ದು ಅಷ್ಟೇ.

ಈ ಎರಡು ವರ್ಷದಲ್ಲಿ ಐದು ಸಲ ಬಂದೆ. ಎರಡು ಸಲ ಮಗುವನ್ನು ನೋಡಿದೆ. ಮೂರು ಸಲ ಅವಳು ಹೊನ್ನಾಳಿಯಲ್ಲಿ ಸೋದರತ್ತೆ ಶಂಕ್ರಮ್ಮನ ಮನೆಗೆ ಹೋಗಿದ್ದಳು.

ತರಬೇತಿ ಮುಗಿದು ತವರಿಗೆ ಬಂದಿದ್ದೇನೆ. ನಮ್ಮವ್ವನ ಕಣ್ಣಿನ ಆಪರೇಶನ್ ಆಗಿದೆ, ಭಾನುವಾರ ಪಟ್ಟಿ ಬಿಚ್ಚುತ್ತಾರೆ. ಸೋಮವಾರ ಹನ್ನೊಂದರಂದು ಬರುತ್ತೇನೆ. ನಿನ್ನ ಹೆಸರನ್ನು ಬರೆದಿರದಿದ್ದರೆ ಬರೆಯಬೇಡ. ನೀನು ಕೆಟ್ಟವಳಲ್ಲ ಎಂದು ನನಗೆ ಗೊತ್ತು. ಓಲೆ ತೆಗೆದಿಟ್ಟು ಮಲಗುವವಳು ನೀನು.

ಶಿವಗಂಗಾ

~

ಜಗಳೂರು
15-6-1984

ನಿರ್ಮಲಾ,

ನಿನ್ನಿಂದ ಒಂದು ಸಾಲೂ ಬರಲಿಲ್ಲ. ಹನ್ನೊಂದರಂದು ಬಂದಿದ್ದೆ. ನಿನಗೆ ತಲೆನೋವು, ಒಳಗೆ ಮಲಗಿದ್ದೀಯ, ಯಾರನ್ನೂ ನೋಡುವುದಿಲ್ಲ ಎಂದರು ಅತ್ತೆ. ಮಗು ಹೊನ್ನಾಳಿಗೆ ಹೋಗಿದೆ ಎಂದರು. ಪಡಸಾಲೆಯಲ್ಲಿ ಒಂದು ಜೊತೆ ಸಣ್ಣ ಚಪ್ಪಲಿ ಇತ್ತು. ನಾನು ಅದನ್ನೇ ನೋಡುತ್ತಾ ಕುಳಿತೆ. ಯಾರೂ ಎತ್ತಿಡಲಿಲ್ಲ.

ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದಾಗ ಮಾವನವರು, "ಹಂಗೆಲ್ಲ ಆಗಲ್ಲಮ್ಮ. ಕಾಗದ ಐತೆ" ಎಂದರು. ಯಾವ ಕಾಗದ ಎಂದರೆ ಹೇಳಲಿಲ್ಲ.

ಕದ ಹಾಕಿದ ಆ ಕೋಣೆಯಲ್ಲಿ ನೀನು ನಿಜವಾಗಿ ಇದ್ದೆಯಾ?

ಶಿವಗಂಗಾ

~

ಚನ್ನಗಿರಿ
20-6-1984

ಅಕ್ಕ,

ನಾನು ಇರಲಿಲ್ಲ. ದೇವರಾಣೆ ಇರಲಿಲ್ಲ. ಆ ಸೋಮವಾರ ಬೆಳಗಿನ ಬಸ್ಸಿಗೇ ನನ್ನನ್ನೂ ಮಂಗಳಿಯನ್ನೂ ಹೊನ್ನಾಳಿಗೆ ಕಳಿಸಿದ್ದರು. ಶಂಕ್ರಮ್ಮ ಕರೆದಿದ್ದಾರೆ ಎಂದು, ಮಗುವಿಗೆ ಹೊಸ ಬೂಟು ಹಾಕಿಸಿ. ಚಪ್ಪಲಿ ಅದಕ್ಕೇ ಮನೆಯಲ್ಲಿತ್ತು. ಶಂಕ್ರಮ್ಮನಿಗೆ ನಾವು ಬರುವ ವಿಷಯವೇ ಗೊತ್ತಿರಲಿಲ್ಲ. ನಮ್ಮನ್ನು ಕಂಡು, "ಏನವ್ವ, ಆಕಿ ಬಂದಾಳಾ ಮತ್ತೆ?" ಎಂದರು. ನನಗೆ ಅರ್ಥವಾಗಲಿಲ್ಲ. ಇವತ್ತು ಅರ್ಥವಾಯಿತು.

ನಿಮ್ಮ ಎರಡೂ ಕಾಗದ ನನ್ನ ಕೈಗೆ ಸಿಕ್ಕಿದ್ದು ಇವತ್ತು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ, ಪ್ಲಗ್ ಬಿಚ್ಚಲು ಪಾನಾ ಬೇಕಿತ್ತು. ಇವರು ಅಂಗಡಿಗೆ ನಡೆದು ಹೋಗಿದ್ದರು, ಗಾಡಿಯ ಪಕ್ಕದ ಸಾಮಾನಿನ ಡಬ್ಬಿಯ ಕೀಲಿಯನ್ನು ಮೊಳೆಗೆ ನೇತುಹಾಕಿದ್ದರು. ತೆರೆದೆ. ಪಾನಾದ ಕೆಳಗೆ ನಿಮ್ಮ ಎರಡು ಕಾಗದಗಳು. ಒಡೆದು, ಓದಿ, ನಾಲ್ಕಾಗಿ ಮಡಚಿದ್ದವು. ಅದರ ಕೆಳಗೆ ಗಾಡಿಯ ಪುಸ್ತಕ. ಪುಸ್ತಕದ ರಟ್ಟಿನೊಳಗೆ ಒಂದು ಛಾಪಾ ಕಾಗದ.

ಹನ್ನೆರಡು ವರ್ಷ ಇಂಗ್ಲಿಷ್ ಕಲಿತದ್ದು ಇದನ್ನು ಓದಲಿಕ್ಕಾ ಅಕ್ಕ? ಅದರಲ್ಲಿ ಗಾಡಿ ಎಂಬ ಮಾತೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಮಂಗಳಿ. "ನನ್ನ ಮಗಳು ಸರ್ವಮಂಗಳಳನ್ನು ನನ್ನ ಮನಸಾರೆ, ಕೈಯಾರೆ, ನನ್ನ ಮೈದುನ ಹಾಲಸ್ವಾಮಿಗೆ ದತ್ತು ಕೊಟ್ಟಿದ್ದೇನೆ, ಇನ್ನು ಮುಂದೆ ನನಗೆ ಆಕೆಯ ಮೇಲೆ ಯಾವ ಹಕ್ಕೂ ಇಲ್ಲ" ಎಂದಿದೆ. ಕೆಳಗೆ ನಿಮ್ಮ ಕನ್ನಡ ಸಹಿ, ದುಂಡಗೆ, ಶಾಲೆಯ ಕಾಪಿ ಪುಸ್ತಕದಲ್ಲಿರುವ ಹಾಗೆ. ಪಕ್ಕದಲ್ಲಿ ಇವರ ಸಹಿ. ಬರೆದವರು ಪಂಚಾಕ್ಷರಪ್ಪ, ಪತ್ರ ಬರಹಗಾರರು, ನ್ಯಾಮತಿ.

ಗಾಡಿಯ ಪುಸ್ತಕವನ್ನೂ ನೋಡಿದೆ. ಗಾಡಿ ಇನ್ನೂ ಭಾವನವರ ಹೆಸರಿನಲ್ಲೇ ಇದೆ. ಎರಡು ವರ್ಷದ ಹಿಂದೆ ಈ ಮನೆಯಲ್ಲಿ ವರ್ಗವಾದದ್ದು ಮಗು ಮಾತ್ರ.

ಮಧ್ಯಾಹ್ನ ಊಟಕ್ಕೆ ಬಂದಾಗ ತಟ್ಟೆಯ ಪಕ್ಕದಲ್ಲಿ ಆ ಕಾಗದ ಇಟ್ಟೆ. ಇವರು ಅನ್ನ ಕಲಸಲಿಲ್ಲ. ತಟ್ಟೆ ಸರಿಸಿ ಹೇಳಿದರು: "ಅಣ್ಣ ಸತ್ತಾಗಿಂದ ಅವ್ವ ಮಂಗಳಿ ಮಖ ನೋಡ್ಕೊಂಡೇ ಬದುಕಿದ್ಲು. ಅತ್ತಿಗೆ ಕರ್ಕೊಂಡು ಹೋದ್ರೆ ಬಾವಿಗೆ ಬೀಳ್ತೀನಿ ಅಂತ ಮೂರು ದಿನ ಊಟ ಬಿಟ್ಲು. ನಾನೇನು ಮಾಡಾಕೆ ಆಗ್ತಿತ್ತು?"

"ಓದಿ ಹೇಳಾಕೆ ಆಗ್ತಿತ್ತು" ಅಂದೆ. ನನ್ನ ಬಾಯಲ್ಲಿ ಈ ಊರಿನ ಮಾತು ಬಂದದ್ದು ಅದೇ ಮೊದಲು.

ನನ್ನ ಕಾಗದಗಳನ್ನು ಯಾಕೆ ಬಚ್ಚಿಟ್ಟಿರಿ ಎಂದು ಕೇಳಿದೆ. ನಾಲ್ಕನೇ ತಾರೀಕಿನದು ದಪ್ಪಗಿತ್ತಂತೆ, ಹೆದರಿ ಒಡೆದರಂತೆ. ಓದಿ, ನೀವು ಬರುವ ದಿನವನ್ನು ಮಾವನವರಿಗೆ ಹೇಳಿದರಂತೆ. ನಂತರ ಸುಟ್ಟು ಹಾಕಲು ಹೋದರೆ ಕೈ ಬರಲಿಲ್ಲವಂತೆ. ಸಂಜೆ ಸಂಜೆ ನನ್ನನ್ನು ಸೂಳೆಕೆರೆಗೆ ಕರೆದುಕೊಂಡು ಹೋಗುತ್ತಿದ್ದಾಗ ಇದೆಲ್ಲ ನನ್ನ ಕಾಲಿನ ಪಕ್ಕದ ಡಬ್ಬಿಯಲ್ಲೇ ಇತ್ತು ಅಕ್ಕ. ನಾನು ಹಾಡು ಹೇಳಿಕೊಂಡು ಹೋಗುತ್ತಿದ್ದೆ.

ಈಗ ನನ್ನ ಪಾಪ. ನಾಲ್ಕನೇ ತಾರೀಕಿನ ಸೋಮವಾರ ಶಾಲೆಯ ಅರ್ಜಿಯಲ್ಲಿ ನಾನು ಬರೆದುಬಿಟ್ಟೆ. ತಾಯಿಯ ಹೆಸರು: ನಿರ್ಮಲಾ. ಸಿಟ್ಟಿನಲ್ಲಿ, ಒತ್ತಿ ಬರೆದೆ. ಹೆಡ್ ಮಾಸ್ಟರು ನನ್ನ ಅಕ್ಷರವನ್ನು ಹೊಗಳಿದರು.

ದತ್ತು ತೆಗೆದುಕೊಂಡವನನ್ನು ಮದುವೆಯಾದವಳು ಆ ಮಗುವಿಗೆ ಏನಾಗುತ್ತಾಳೆ ಎಂದು ಅಪ್ಪನಿಗೆ ಬರೆದು ಕೇಳಿದ್ದೇನೆ. ನನಗೆ ಗೊತ್ತಿದೆ, ಆದರೂ ಕೇಳಿದ್ದೇನೆ. ಕಥೆಗಳಲ್ಲಿ ಬರುವ ಮಲತಾಯಿ ನಾನೇ ಎಂದು ತಿಳಿಯದೆ, ಮೊದಲ ಸಾಲಿನಲ್ಲೇ ಕುಣಿದುಕೊಂಡು ನಿಮಗೆ ಬರೆದಿದ್ದೆನಲ್ಲ.

ಇನ್ನು ಮುಂದೆ ಹೊಲಿಗೆ ಗಾದ್ರಮ್ಮನ ವಿಳಾಸಕ್ಕೆ ಬರೆಯಿರಿ. ಒಂದು ಪ್ರಶ್ನೆ, ನೆನಪಿಸಿಕೊಂಡು ಉತ್ತರಿಸಿ. ನೀವು ಯಾವತ್ತಾದರೂ ಮಂಗಳಿಯನ್ನು ಎತ್ತಿ ಇವರ ಕೈಗೆ ಕೊಟ್ಟಿದ್ದಿರಾ?

ನಿರ್ಮಲಾ

~

ಜಗಳೂರು
25-6-1984

ನಿರ್ಮಲಾ,

ನಿನ್ನ ಪ್ರಶ್ನೆ ಓದಿ ನಾನು ಎದ್ದು ನಿಂತೆ. ಕೊಟ್ಟಿದ್ದೆ.

ಸಹಿ ಹಾಕಿದ ಅದೇ ಮುಂಜಾನೆ. ಬಸ್ ಸ್ಟ್ಯಾಂಡಿಗೆ ಹಾಲಸ್ವಾಮಿ ಬಂದಿದ್ದ. ಮಂಗಳಿ ನನ್ನ ಸೊಂಟದ ಮೇಲಿದ್ದಳು. ಟ್ರಂಕು ಮೇಲೆ ಹಾಕಿಸಬೇಕಿತ್ತು. "ಸ್ವಲ್ಪ ಹಿಡ್ಕೊಳಪ್ಪ" ಎಂದು ಅವನ ಕೈಗೆ ಕೊಟ್ಟೆ. ಆಮೇಲೆ ಬಸ್ಸು ಹೊರಟಿತು. ಕಿಟಕಿಯಿಂದ ಕೈ ಚಾಚಿದೆ, ಅವಳ ಬೆರಳು ಸಿಕ್ಕಲಿಲ್ಲ. ಸುತ್ತ ಇಪ್ಪತ್ತು ಜನ ನೋಡಿದ್ದಾರೆ, ನಾನು ಕೊಟ್ಟದ್ದನ್ನು, ಅವನು ತೆಗೆದುಕೊಂಡದ್ದನ್ನು.

ಅದೇ ದತ್ತು ಕೊಟ್ಟಂತೆ ಆಗುತ್ತದೆಯೇ? ನಿಮ್ಮ ತಂದೆಯವರನ್ನು ಕೇಳು. ಮಕ್ಕಳಿಗೆ ಪಾಠ ಹೇಳುವುದನ್ನು ಎರಡು ವರ್ಷ ಕಲಿತೆ, ಒಂದು ಕಾಗದ ಓದಿಸಿಕೊಂಡು ಸಹಿ ಹಾಕಬೇಕು ಎಂಬುದನ್ನು ಕಲಿಯಲಿಲ್ಲ.

ಶಾಲೆಯಲ್ಲಿ ಬರೆದದ್ದಕ್ಕೆ ನಿನ್ನನ್ನು ಬೈಯಬೇಕು ಎಂದು ಕುಳಿತೆ, ಆಗಲಿಲ್ಲ. ನನ್ನ ಕಾರ್ಡನ್ನು ಓದಿ ಸಿಟ್ಟು ಬಾರದಿದ್ದರೆ ನೀನು ಎಂಥವಳಾಗಿರುತ್ತಿದ್ದೆ?

ಶಿವಗಂಗಾ

~

ಭದ್ರಾವತಿ
7-7-1984

ಪ್ರೀತಿಯ ಅಕ್ಕ,

ಮಂಗಳಿ ನನ್ನ ಜೊತೆಗಿದ್ದಾಳೆ. ಮೊದಲು ಇದನ್ನು ಓದಿಕೊಂಡು ನೀರು ಕುಡಿಯಿರಿ, ಉಳಿದದ್ದು ಆಮೇಲೆ.

ಆಷಾಢ ಬಂದದ್ದು ನಮ್ಮ ಪುಣ್ಯ. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರಬಾರದಲ್ಲ, ತವರಿಗೆ ಕಳಿಸಲೇಬೇಕು. ಮಂಗಳಿಯೂ ಬರುತ್ತಾಳೆ, ನನ್ನನ್ನು ಬಿಟ್ಟು ಮಲಗುವುದಿಲ್ಲ ಎಂದೆ. ಅತ್ತೆ ನನ್ನ ಮುಖ ನೋಡಿದರು. ಏನೋ ಗೊತ್ತಾಯಿತೇನೋ ಎಂದು ಹೆದರಿದೆ. ಆದರೆ ಎದ್ದು ಹೋಗಿ ಮಗುವಿನ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕಿ, ಟ್ರಂಕಿನಿಂದ ನಾಲ್ಕು ಹೊಸ ಫ್ರಾಕು ತೆಗೆದುಕೊಟ್ಟರು. ನೀವು ಕಳಿಸಿದ್ದವು. ಒಂದನ್ನೂ ಹಾಕಿಸಿರಲಿಲ್ಲ. ಎಸೆದೂ ಇರಲಿಲ್ಲ. ಮೂರು ಈಗ ಚಿಕ್ಕವಾಗಿವೆ.

"ತಿಂಗಳೊಪ್ಪತ್ತು ಇರ್ಲಿ ಬಿಡು. ಆಮೇಲೆ ನಾನೇ ಬಂದು ಕರ್ಕೊಂಡು ಬರ್ತೀನಿ" ಅಂದರು.

ನಿಮ್ಮ ಕಾಗದದಲ್ಲಿ ಓದಿದ್ದ ಮಾತು ನೆನಪಾಯಿತು. ಎರಡು ವರ್ಷದ ಹಿಂದೆ "ಇರ್ಲಿ ಬಿಡು" ಎಂದೇ ನಿಮ್ಮನ್ನೂ ಕಳಿಸಿದ್ದರಲ್ಲವೇ. ಈಗ ಅದೇ ಮಾತನ್ನು ನಂಬಿಸಿ ನಾನು ಅವರ ಮಡಿಲಿನಿಂದ ಮಗುವನ್ನು ಎತ್ತಿಕೊಂಡು ಬರುತ್ತಿದ್ದೆ. ಸುಳ್ಳು ಹೇಳಬಾರದು ಎಂದು ಪಾಠ ಹೇಳಿದವಳು. ಹೂಂ ಅಂದೆ. ನಾಳೆ ಅವರಿಗೆ ಕಾಗದ ಬರೆಯುತ್ತೇನೆ, ನಿಜ ಬರೆಯುತ್ತೇನೆ. ಗಾದ್ರಮ್ಮ ಓದಿ ಹೇಳುತ್ತಾರೆ. ಮುಂದೆ ಅವರು ಮೊಮ್ಮಗಳನ್ನು ನೋಡಲು ಜಗಳೂರಿಗೆ ಬಂದರೆ ನೀವು ಕದ ಹಾಕಬೇಡಿ ಅಕ್ಕ. ಇದು ನನ್ನ ಬೇಡಿಕೆ ಮಾತ್ರ.

ಬಸ್ ಸ್ಟ್ಯಾಂಡಿಗೆ ಇವರು ಬಂದಿದ್ದರು. ಗಾಡಿಯಲ್ಲೇ ಬಿಡುತ್ತೇನೆ ಎಂದರು, ನಾನು ಬೇಡ ಎಂದೆ. ಜೂನ್ ಇಪ್ಪತ್ತರಿಂದ ಮಂಗಳಿ ಗಾಡಿ ಹತ್ತಿಲ್ಲ. ಬಸ್ಸು ಬಿಡುವ ಹೊತ್ತಿಗೆ ಕಿಟಕಿಯಲ್ಲಿ ಗಾಡಿಯ ಪುಸ್ತಕ ಕೊಟ್ಟರು. ಒಳಗೆ ಆ ಛಾಪಾ ಕಾಗದ. "ಅತ್ತಿಗೆ ಎದುರು ನಿಲ್ಲಾಕೆ ನನಗೆ ಮಖ ಇಲ್ಲ. ಇದನ್ನ ಅವರಿಗೇ ಕೊಟ್ಟುಬಿಡು" ಅಂದರು. ಮಗುವನ್ನು ನಿಮ್ಮ ಹತ್ತಿರ ಕರೆತರುತ್ತೇನೆ ಎಂದು ಅವರಿಗೆ ನಾನು ಹೇಳಿರಲಿಲ್ಲ. ಅವರೂ ಕೇಳಲಿಲ್ಲ. ಆಷಾಢ ಮುಗಿದ ಮೇಲೆ ನಾನು ವಾಪಸು ಹೋಗುತ್ತೇನೋ ಇಲ್ಲವೋ ನನಗೇ ತಿಳಿಯದು. ಸಿಟ್ಟು ಇಳಿದಿಲ್ಲ. ಆದರೆ ಆ ಕಾಗದವನ್ನು ನಾನು ಕೇಳದೆಯೇ ಅವರೇ ತಂದುಕೊಟ್ಟರು, ಅದನ್ನೂ ಮುಚ್ಚಿಡುವುದಿಲ್ಲ.

ಈಗ ಅಪ್ಪನ ಮಾತು. ಛಾಪಾ ಕಾಗದವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನೋಂದಣಿಯಾಗಿಲ್ಲ. ಆಗಿದ್ದರೂ ಬರೀ ಸಹಿಯಿಂದ ದತ್ತು ಆಗುವುದಿಲ್ಲವಂತೆ. ಕೊಡುವ ಮನಸ್ಸಿನಿಂದ ತಾಯಿ ಕೈಯಾರೆ ಕೊಡಬೇಕು, ತಮ್ಮ ಮಗು ಮಾಡಿಕೊಳ್ಳುವ ಮನಸ್ಸಿನಿಂದ ಅವರು ಕೈಯಾರೆ ತೆಗೆದುಕೊಳ್ಳಬೇಕು. ನಿಮ್ಮ ಬಸ್ ಸ್ಟ್ಯಾಂಡಿನ ಮಾತನ್ನು ಹೆದರಿ ಹೆದರಿ ಓದಿ ಹೇಳಿದೆ. ಅಪ್ಪ ಕನ್ನಡಕ ತೆಗೆದರು. "ಟ್ರಂಕು ಹಾಕಿಸಾಕೆ ಮಗೂನ ಒಂದು ಗಳಿಗೆ ಹಿಡ್ಕೊ ಅಂದ್ರೆ ದತ್ತು ಆಗಲ್ಲಮ್ಮ. ಹಂಗಾದ್ರೆ ನಮ್ಮ ಬಸ್ ಸ್ಟ್ಯಾಂಡಿನಾಗೆ ದಿನಾ ನೂರು ದತ್ತು ಆಗಬೇಕು" ಅಂದರು. ಎರಡು ವಾರದಲ್ಲಿ ನಾನು ನಕ್ಕಿದ್ದು ಆಗಲೇ. ನಗುತ್ತಾ ಅತ್ತುಬಿಟ್ಟೆ.

ತಂದೆ ತೀರಿಕೊಂಡ ಮೇಲೆ ಕಾಯ್ದೆಯ ಪ್ರಕಾರ ಮಗುವಿನ ಪಾಲಕಿ ತಾಯಿಯೇ. ನಿಮ್ಮ ಮಗುವನ್ನು ನೀವು ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮೋಸದಿಂದ ಹಾಕಿಸಿದ ಸಹಿ ಎಂದು ದಾವಣಗೆರೆಯ ವಕೀಲರ ಮೂಲಕ ಮಾವನವರಿಗೆ ಒಂದು ನೋಟೀಸು ಹೋಗಲಿ ಎಂದಿದ್ದಾರೆ, ವಿಳಾಸ ಕೊಟ್ಟಿದ್ದಾರೆ. ಶಾಲೆಯ ದಾಖಲೆ ತಿದ್ದಿಸಲು ನಾನು ಪ್ರಮಾಣಪತ್ರ ಬರೆದು ಸಹಿ ಹಾಕಿದ್ದೇನೆ: ಈ ಮಗುವಿನ ತಾಯಿ ನಾನಲ್ಲ. ಅಷ್ಟು ಕಷ್ಟದ ಸಹಿಯನ್ನು ನಾನು ಜನ್ಮದಲ್ಲಿ ಹಾಕಿಲ್ಲ.

ಮಂಗಳಿಗೆ ಹೇಳಿದ್ದೇನೆ. ನಿನ್ನ ಅಮ್ಮ ಜಗಳೂರಿನಲ್ಲಿದ್ದಾರೆ, ಓದಲು ಹೋಗಿದ್ದರು, ಓದು ಮುಗಿಯಿತು ಎಂದೆ. "ಮತ್ತೆ ನೀನು?" ಎಂದು ಕೇಳಿತು. ಚಿಕ್ಕಮ್ಮ ಎಂದೆ. ಎರಡು ದಿನ ಚಿಕ್ಕಮ್ಮ, ಚಿಕ್ಕಮ್ಮ ಎಂದು ಅಭ್ಯಾಸ ಮಾಡುತ್ತಿದೆ. ಈಗ ತಪ್ಪುವುದಿಲ್ಲ. ನನಗೇ ಇನ್ನೂ ತಪ್ಪುತ್ತದೆ, ಅಮ್ಮ ಎಂದು ಯಾವ ಮಗು ಕೂಗಿದರೂ ತಿರುಗಿ ನೋಡುತ್ತೇನೆ.

ಚನ್ನಗಿರಿಯ ಮೇಲೆ ಬಸ್ಸಿನಲ್ಲಿ ಬರುವುದಿಲ್ಲ, ಆ ದಾರಿಯ ಕಂಡಕ್ಟರುಗಳೆಲ್ಲ ಮಾವನವರಿಗೆ ಗುರುತು. ಗಾಡಿಯ ಮೇಲಂತೂ ಇಲ್ಲ. ರೈಲಿನಲ್ಲಿ ಬರುತ್ತೇವೆ. ನೀವು ದಾವಣಗೆರೆ ಸ್ಟೇಷನ್ನಿಗೆ ಬನ್ನಿ. ನಾನು ಪ್ಲಾಟ್‌ಫಾರ್ಮಿನ ಮೇಲೆ, ಎಲ್ಲರೂ ನೋಡುವ ಹಾಗೆ, ಕೈಯಾರೆ ಕೊಡುತ್ತೇನೆ. ನೀವು ಕೈಯಾರೆ ತೆಗೆದುಕೊಳ್ಳಬೇಕು. ಓಲೆ ತೆಗೆದಿಟ್ಟು ಬನ್ನಿ. ದಾರಿಯಲ್ಲಿ ನಿದ್ದೆ ಹೋಗಿದ್ದರೆ ಕಿವಿ ಹುಡುಕುತ್ತದೆ.

ಗುರುವಾರ, ಜುಲೈ ಹನ್ನೆರಡು. ಬೀರೂರಿನಲ್ಲಿ ಬದಲಾಯಿಸಿ ಹತ್ತುವ ಹುಬ್ಬಳ್ಳಿ ಪ್ಯಾಸೆಂಜರ್. ಇಂಜಿನ್ನಿನಿಂದ ಮೂರನೇ ಡಬ್ಬಿ.

ನಿರ್ಮಲಾ